ಹಾಯಿಹಡಗಿಗೆ ರೇಣುಕಾಪ್ರಸಾದರ ಹೆಸರು

ಹುಣಸೂರಿನ ರೇಣುಕಾಪ್ರಸಾದರಿಗೆ ಇದ್ದದ್ದು ಒಂದೇ ಕೊರಗು. ತಮ್ಮ ಹೆಸರು ಹೊತ್ತ ಒಂದು ವಸ್ತುವೂ ಈ ಲೋಕದಲ್ಲಿಲ್ಲ. ಮರ ಕುಯ್ಯುವ ಮಿಲ್ಲಿಗೆ ಅಪ್ಪನ ಹೆಸರು. ಮನೆಗೆ ‘ಮಂಗಳ ನಿಲಯ’. ಲಾರಿಯ ನೆತ್ತಿಯ ಮೇಲೆ ನಂಜುಂಡೇಶ್ವರ. (ದೇವರ ಜೊತೆ ಪೈಪೋಟಿ ಸಲ್ಲದು.)

ಹೀಗಿರುವಾಗ, ದೂರದೇಶದ ಹಾಯಿಹಡಗೊಂದು ಬಿರುಗಾಳಿಗೆ ಸಿಕ್ಕಿ ಒಡೆದು, ಮಂಗಳೂರಿನಲ್ಲಿ ಹರಾಜಿಗೆ ಬಂತು. ತೇಗದ ಹಲಗೆ ಬಾಗಿಲುವಾಡಕ್ಕಾದೀತೆಂದು ಹೋದ ರೇಣುಕಾಪ್ರಸಾದರು ಅದರ ಬಾಗಿದ ಮೈ ಸವರುತ್ತ ನಿಂತುಬಿಟ್ಟರು. ಮೂವತ್ತು ವರ್ಷ ಮರ ಕುಯ್ಸಿದ ಮನುಷ್ಯನಿಗೆ ಅವತ್ತು ಗರಗಸದ ನೆನಪೇ ಆಗಲಿಲ್ಲ. ‘ಇದನ್ನು ತೇಲಿಸುತ್ತೇನೆ. ಇದಕ್ಕೆ ನನ್ನ ಹೆಸರಿಡುತ್ತೇನೆ’ ಎಂದುಕೊಂಡರು.

“ಲಕ್ಷ್ಮಣತೀರ್ಥದಲ್ಲಿ ಮಂಡಿಯುದ್ದ ನೀರಿಗೆ ಇಳಿಯಕ್ಕೆ ನನ್ನ ಕೈ ಇಡ್ಕೊಳ್ಳೋರು, ಅಡಗು ತಕಂಡ್ರಂತೆ!” ಎಂದರು ಹೆಂಡತಿ ಮಂಗಳಮ್ಮ.

“ನಾನೇನು ಈಜಬೇಕಾ? ಈಜೋದು ಅದು ಕಣೇ!”

ರಿಪೇರಿಯಾಯಿತು. ಆ ದೇಶದ ದಾಖಲೆಯಿಂದ ಹಡಗಿನ ಹೆಸರು ತೆಗೆಸಲು ಎಂಟು ತಿಂಗಳು ಹಿಡಿಯಿತು. ಬಂದರಿನವರು ಉದ್ದಗಲ ಅಳೆದು ಪತ್ರ ಕೊಟ್ಟರು. ಇನ್ನು ಮಾಲೀಕರು ಪ್ರಮಾಣವಚನ ಓದಿ ಸಹಿ ಹಾಕಿದರೆ ಹಡಗು ಭಾರತದ್ದು, ಬಾವುಟ ಏರಿಸಬಹುದು. ಮಾಲೀಕರು ಮಂಗಳಮ್ಮ. ಮದುವೆಯಾದ ಹೊಸತರಲ್ಲಿ ಅವರ ಹೆಸರಿನಲ್ಲಿ ಕೊಂಡ ಮೊದಲ ಲೋಡು ಮರ ಚೆನ್ನಾಗಿ ಕೈಹಿಡಿದದ್ದರಿಂದ, ಅಂದಿನಿಂದ ಯಜಮಾನರು ಸೂಜಿ ಕೊಂಡರೂ ಹೆಂಡತಿಯ ಹೆಸರಿನಲ್ಲೇ.

ಮಂಗಳೂರಿನ ಹಡಗು ನೋಂದಣಿ ಕಚೇರಿಯಲ್ಲಿ ಮಂಗಳಮ್ಮ ರೇಷ್ಮೆ ಸೀರೆಯುಟ್ಟು, ವಿಭೂತಿ ಧರಿಸಿ, ಗಟ್ಟಿಯಾಗಿ ಓದಿದರು: “ಮಂಗಳಮ್ಮ ಎಂಬ ನಾನು...” ಅಲ್ಲಿಗೆ ನಿಂತರು. ಮುಂದಿದ್ದದ್ದು ಹಡಗಿನ ಹೆಸರು.

“ಓದಿ ಅಮ್ಮ” ಎಂದರು ಅಧಿಕಾರಿ.

“ನಮ್ಮ ಪೂಜನ ಅಪ್ಪ ಎಂಬ ಹಡಗಿನ...”

“ಅಮ್ಮಾ, ಹಡಗಿಗೆ ಮಕ್ಕಳಿರಲ್ಲ. ಬರೆದಿರೋ ಹೆಸರು ಓದಿ.”

“ಗಂಡನ ಹೆಸರು ಹೇಳಬಾರದು ಕಣ್ರೀ ಸಾರ್! ಆಯಸ್ಸು ಕಮ್ಮಿಯಾಯ್ತದೆ.”

“ನಾನೇ ಓದ್ತೀನಿ ಸಾರ್” ಎಂದು ರೇಣುಕಾಪ್ರಸಾದರು ಮುಂದೆ ಬಂದರು.

“ಮಾಲೀಕರು ನೀವಲ್ಲವಲ್ಲ.”

ರೇಣುಕಾಪ್ರಸಾದರು ಹೆಂಡತಿಯ ಕಿವಿಯ ಬಳಿ ಗೋಗರೆದರು. “ಒಂದೇ ಒಂದ್ಸಲ ಹೇಳೇ. ಆಯಸ್ಸು ಹೋದರೆ ನಂದು ತಾನೆ ಹೋಗೋದು?”

“ನಿಮ್ದು ಹೋದ್ರೆ ನಂದೇನು ಉಳೀತದೆ? ಇನ್ನೊಂದು ಅಡಗು ತರಬೌದು, ನಿಮ್ಮನ್ನ ಎಲ್ಲಿಂದ ತರ್ಲಿ?” ಮಂಗಳಮ್ಮನ ಕಣ್ಣು ತುಂಬಿತ್ತು.

ಮೂವತ್ತು ವರ್ಷದಲ್ಲಿ ಇಂಥ ಮಾತು ರೇಣುಕಾಪ್ರಸಾದರ ಕಿವಿಗೆ ಬಿದ್ದದ್ದು ಇದೇ ಮೊದಲು. ಹೆಸರಿನ ಆಸೆ ಅಲ್ಲೇ ಬಿಟ್ಟು ಹಿಂದೆ ಸರಿದರು.

ಅಧಿಕಾರಿ ಗಡಿಯಾರ ನೋಡಿದರು. “ನಿಮ್ಮ ಬಾಯಿಗೆ ಬರೋ ಹೆಸರು ಯಾವುದಮ್ಮ? ಅದನ್ನೇ ಬರೆಯೋಣ.”

ಮಂಗಳಮ್ಮ ಒಂದು ಚಣವೂ ಯೋಚಿಸಲಿಲ್ಲ. “ನಮ್ಮವ್ವಂದು. ಸಾಕಮ್ಮ.”

ಸಂಜೆ ತ್ರಿವರ್ಣ ಧ್ವಜ ಗಾಳಿಗೆ ಬಿಚ್ಚಿಕೊಂಡಾಗ ‘ಸಾಕಮ್ಮ’ ಮೆಲ್ಲಗೆ ತೊನೆದಳು. ರೇಣುಕಾಪ್ರಸಾದರ ಎದೆಯೂ ಹಾಯಿಯ ಹಾಗೆ ಉಬ್ಬಿತು. ಹೆಸರು ಯಾರದಾದರೇನು, ಇಂಥ ಚೆಲುವೆಯನ್ನು ಗರಗಸದ ಬಾಯಿಂದ ಉಳಿಸಿದವರು ತಾವಲ್ಲವೇ!

ಮರುದಿನ ಪಿರಿಯಾಪಟ್ಟಣದಲ್ಲಿ ಅತ್ತೆಗೆ ಸುದ್ದಿ ಮುಟ್ಟಿಸಿದರು. ಎಂಬತ್ತರ ಸಾಕಮ್ಮ ಬೀದಿಯವರನ್ನೆಲ್ಲ ಜಗಲಿಗೆ ಕರೆದು, ಅಳಿಯನತ್ತ ಕೈ ತೋರಿಸಿ ಪರಿಚಯ ಮಾಡಿಕೊಟ್ಟರು:

“ಇವ್ರು ನಮ್ಮ ಅಳಿಯಂದ್ರು ಕಣ್ರವ್ವ. ನನ್ನ ಅಡಗು ನೋಡ್ಕಳಕ್ಕೆ ಇಟ್ಕಂಡಿವ್ನಿ.”