ದಾದಾಸಾಬರ ಕಾಲಿನ ಗೆರೆ

ಶಿರಸಿಯ ದಾದಾಸಾಬರಿಗೆ ತಮ್ಮ ಮನೆಯ ಮೇಲೆ ಒಂದೇ ಒಂದು ದೂರು. ಅಲ್ಲಿ ಒಂದು ಇರುವೆಗೂ ನೆಮ್ಮದಿಯಾಗಿ ಕಚ್ಚಿ ಹೋಗಲು ಬಿಡುವುದಿಲ್ಲ! ಕಚ್ಚಿದ್ದು ಎಲ್ಲಿ, ಯಾವಾಗ, ಯಾಕೆ, ಆಗ ನೀವು ಎಂತ ಮಾಡ್ತಿದ್ದಿರಿ ಎಂದು ಹೆಂಡತಿ ಬದ್ರುನ್ನಿಸಾ ತನಿಖೆಗೇ ಕೂತುಬಿಡುತ್ತಾರೆ.

ಈ ಸಲ ಕಚ್ಚಿದ್ದು ಚಗಳಿ ಇರುವೆ. ಸೋಮವಾರ ಹುಲಗೋಳದಲ್ಲಿ ತಮ್ಮ ಟೆಂಪೋಗೆ ಬಾಳೆಗೊನೆ ತುಂಬುವಾಗ ಬಲಗಾಲಿನ ಪಾದದ ಗಂಟಿನ ಮೇಲೆ ಕಚ್ಚಿತು. ಮನೆಗೆ ತಂದ ಗೊನೆಯಲ್ಲಿದ್ದ ಅದರ ಬಂಧುಬಳಗ ಬದ್ರುನ್ನಿಸಾರ ಕೈಗೂ ಮೂರು ಕಡೆ ಕಚ್ಚಿತು. ಆಕೆ ಸೋಪು ನೀರಿನಲ್ಲಿ ಕೈ ತೊಳೆದುಕೊಂಡು, ಇರುವೆಯ ವಂಶಕ್ಕೆಲ್ಲ ಶಾಪ ಹಾಕಿ ಸುಮ್ಮನಾದರು. ದಾದಾಸಾಬರು ಮಾತ್ರ ಕೆರೆದರು. ಉಗುರು ಸಾಲದೆ ಟೆಂಪೋದ ಕೀಲಿಯಿಂದ ಕೆರೆದರು. (ಆ ಕೀಲಿಗೆ ಮೆತ್ತಿದ್ದ ಗ್ರೀಸು ಟೆಂಪೋದಷ್ಟೇ ಹಳೆಯದು.) ಆಮೇಲೆ ಮೇಲಿಂದ ಎಲೆಯಡಿಕೆಯ ಸುಣ್ಣ ಬಳಿದು ಚಿಕಿತ್ಸೆ ಮುಗಿಸಿದರು.

ಬುಧವಾರದ ಹೊತ್ತಿಗೆ ಬದ್ರುನ್ನಿಸಾರ ಕೈ ಮೊದಲಿನಂತಾಯಿತು. ದಾದಾಸಾಬರ ಕಾಲು ಕೆಂಪಾಗಿ, ಬಿಸಿಯಾಗಿ, ಊದಿಕೊಂಡಿತು.

"ಎಂತದ್ರೀ ಇದು? ನನಗೂ ಅದೇ ಇರುವೆ ಅಲ್ವಾ ಕಚ್ಚಿದ್ದು? ತುರಿಸ್ತು, ಹೋಯ್ತು. ನಿಮ್ಮದು ದಿನಾ ಬೆಳೀತಾ ಅದೆ!"

"ನಿನಗೆ ಕಚ್ಚಿದ್ದು ಇರುವೆ ಮಾರಾಯ್ತಿ. ನನಗೆ ಕಚ್ಚಿದ್ದು ಕಣಜ ಇರಬೇಕು."

"ನಿನ್ನೆ ಇರುವೆ ಅಂದ್ರಿ!"

"ನಿನ್ನೆ ಸರಿ ನೋಡಿರಲಿಲ್ಲ."

ಕಾಲು ಊದಿದಷ್ಟೂ ಕಚ್ಚಿದ ಹುಳವೂ ದೊಡ್ಡದಾಗುತ್ತಾ ಹೋಯಿತು. ಸಂಜೆಗೆ ಅದು ಹೆಜ್ಜೇನಾಗಿತ್ತು. ಇನ್ನೊಂದು ದಿನ ಬಿಟ್ಟಿದ್ದರೆ ಹುಲಿಯೇ ಆಗುತ್ತಿತ್ತೇನೋ.

ಪಾಪ, ಅವರ ಸಂಕಟವೂ ಸುಳ್ಳಲ್ಲ. ಭಾನುವಾರ ಯಲ್ಲಾಪುರದಲ್ಲಿ ಮಗ ತಾರಿಕ್‌ನ ನಿಶ್ಚಿತಾರ್ಥ. ಬಟ್ಟೆ ಅಂಗಡಿ ಆರಿಫ್ ಸಾಹೇಬರ ಮಗಳು ಐಮನ್ ಈ ಮನೆಯ ಸೊಸೆಯಾಗುವವಳು. ಟೆಂಪೋ ತೊಳೆದು, ಹೂ ಕಟ್ಟಿ, ಹಣ್ಣು ಮಿಠಾಯಿಯ ತಟ್ಟೆಗಳನ್ನು ಹೇರಿಕೊಂಡು ತಾವೇ ಓಡಿಸಿಕೊಂಡು ಹೋಗಿ ಬೀಗರ ಬಾಗಿಲಲ್ಲಿ ಹಾರ್ನ್ ಹೊಡೆಯಬೇಕೆಂದು ದಾದಾಸಾಬರು ಆರು ತಿಂಗಳಿಂದ ಕನಸು ಕಾಣುತ್ತಿದ್ದರು. ಈಗ ಡಾಕ್ಟರ ಹತ್ತಿರ ಹೋದರೆ ಮಲಗಿ ಅನ್ನುತ್ತಾರೆ. ಅದಕ್ಕೂ ಮೊದಲು ಸೂಜಿ ಚುಚ್ಚುತ್ತಾರೆ. (ಸೂಜಿಯ ವಿಷಯ ಅವರು ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.)

ಬುಧವಾರ ರಾತ್ರಿ ಊಟದ ಹೊತ್ತಿಗೆ ಮಗಳು ಶಾಯಿಸ್ತಾ ಹುಬ್ಬಳ್ಳಿಯಿಂದ ಬಂದಳು. ನರ್ಸಿಂಗ್ ಓದುತ್ತಿರುವ ಹುಡುಗಿ. ಕಾಲು ನೋಡಿದವಳೇ ಪೆನ್ನು ತೆಗೆದು ಕೆಂಪಿನ ಅಂಚಿಗೆ ಸರಿಯಾಗಿ ಒಂದು ಸುತ್ತು ಗೆರೆ ಎಳೆದಳು.

"ಅಬ್ಬಾಜಾನ್, ಬರೀ ಹುಳ ಕಚ್ಚಿದ್ದಾದ್ರೆ ಇದು ಇಳೀತದೆ. ಬೆಳಿಗ್ಗೆ ಕೆಂಪು ಈ ಗೆರೆ ದಾಟಿದ್ರೆ ಸೋಂಕು ಹರಡ್ತಾ ಅದೆ ಅಂತ. ಆಗ ಆಸ್ಪತ್ರೆ. ಮಾತಿಲ್ಲ."

"ಆಯ್ತು ಬೇಟಿ. ನಾನು ಯಾವತ್ತಾದ್ರೂ ಗೆರೆ ದಾಟಿದವನಾ?"

ಇಲ್ಲಿ ಒಂದು ವಿಷಯ ಹೇಳಲೇಬೇಕು. ಅತಿಭಾರಕ್ಕೆ ಟೆಂಪೋದ ಅಡಿಯ ಸ್ಪ್ರಿಂಗ್ ಪಾಟಾ ಎರಡು ಸಲ ಮುರಿದ ಮೇಲೆ, ಬದ್ರುನ್ನಿಸಾ ಹಿಂದಿನ ಹಲಗೆಯ ಒಳಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಲೋಡು ಇದರ ಮೇಲೆ ಹೋಗಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು. ಆಮೇಲೆ ದಾದಾಸಾಬರ ಲೋಡು ಒಂದು ದಿನವೂ ಗೆರೆ ದಾಟಲಿಲ್ಲ. ಲೋಡು ಹೆಚ್ಚಾದಾಗ ಅವರು ಕರ್ಚೀಫಿನಿಂದ ಗೆರೆ ಒರೆಸಿ ಮೇಲೆ ಎಳೆಯುತ್ತಿದ್ದರು. (ಮೂರನೇ ಪಾಟಾ ಯಾಕೆ ಮುರಿಯಿತೆಂಬುದು ಬದ್ರುನ್ನಿಸಾರಿಗೆ ಬಹಳ ದಿನ ತಿಳಿಯಲಿಲ್ಲ.)

ಗುರುವಾರ ಬೆಳಿಗ್ಗೆ ಕೆಂಪು ಎರಡು ಬೆರಳು ಮುಂದೆ ಹೋಗಿತ್ತು. ದಾದಾಸಾಬರು ಬಚ್ಚಲಿಗೆ ಹೋದರು. ಕರ್ಚೀಫು ಒದ್ದೆಯಾಯಿತು. ಹೊರಗೆ ಬಂದು ಕಾಲು ಚಾಚಿದಾಗ ಗೆರೆ ಕೆಂಪಿನ ಅಂಚಿನಲ್ಲೇ ಇತ್ತು.

"ದಾಟಿಲ್ಲ," ಎಂದಳು ಶಾಯಿಸ್ತಾ, ಸ್ವಲ್ಪ ಅನುಮಾನದಿಂದ.

"ನಾನು ಹೇಳಿರಲಿಲ್ವಾ!" ಎಂದು ದಾದಾಸಾಬರು ನಕ್ಕರು. ನಗುವಾಗ ಹಲ್ಲು ಕಟಕಟ ಎಂದಿತು. ಚಳಿ ಅಂದರು. ಹಣೆ ಸುಡುತ್ತದಲ್ಲ ಅಂದರೆ, ಈಗಷ್ಟೇ ಬಿಸಿ ಚಾ ಕುಡಿದೆ ಅಂದರು.

ಶುಕ್ರವಾರ ಮತ್ತೆ ತಪಾಸಣೆ. ಮತ್ತೆ ಗೆರೆ ಅಂಚಿನಲ್ಲೇ ಇತ್ತು. ಶಾಯಿಸ್ತಾ ತಲೆ ಕೆರೆದುಕೊಳ್ಳುತ್ತಿದ್ದಾಗ ಬದ್ರುನ್ನಿಸಾ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು ಬಗ್ಗಿ ನೋಡಿದರು.

"ಅಲ್ರೀ, ಈ ಮಚ್ಚೆ ಮೊನ್ನೆ ಗೆರೆಯ ಹೊರಗೆ ಇತ್ತು."

"ಯಾವ ಮಚ್ಚೆ?"

"ಮೂವತ್ತು ವರ್ಷದಿಂದ ಈ ಕಾಲು ನೋಡ್ತಾ ಇದ್ದೇನೆ, ನನಗೆ ಮಚ್ಚೆ ಯಾವುದು ಅಂತ ಕೇಳ್ತೀರಾ? ಹೊರಗಿದ್ದದ್ದು ಒಳಗೆ ಹೆಂಗೆ ಬಂತು? ನಡ್ಕೊಂಡು ಬಂತಾ?"

ದಾದಾಸಾಬರು ಮಚ್ಚೆಯನ್ನು ನೋಡಿದರು. ಮಚ್ಚೆ ಸುಮ್ಮನಿತ್ತು. ಬದ್ರುನ್ನಿಸಾ ಗಂಡನ ಜೇಬಿಗೆ ಕೈ ಹಾಕಿ ಕರ್ಚೀಫು ಹೊರಗೆಳೆದರು. ಅದು ಮಸಿಯಿಂದ ನೀಲಿಯಾಗಿತ್ತು. ಮೂರನೇ ಪಾಟಾದ ರಹಸ್ಯವೂ ಆಕೆಗೆ ಅದೇ ಗಳಿಗೆಯಲ್ಲಿ ಹೊಳೆದಿರಬೇಕು, ಯಾಕೆಂದರೆ ಆಮೇಲೆ ಆಕೆ ಆಡಿದ ಮಾತುಗಳಲ್ಲಿ ಟೆಂಪೋದ ಹೆಸರೂ ಬಂತು. "ನಿಮಗೆ ಏನಾದ್ರೂ ಆದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?" ಎನ್ನುವಾಗ ಮಾತ್ರ ಆಕೆಯ ಸೌಟು ಕೆಳಗಿಳಿಯಿತು. ದಾದಾಸಾಬರು ಚಪ್ಪಲಿ ಹುಡುಕಿದರು.

"ಹುಳ ಕಚ್ಚಿ ಮುಗಿದು ಹೋಗಿದೆ," ಎಂದರು ಆಸ್ಪತ್ರೆಯ ಡಾಕ್ಟರಮ್ಮ. "ಕೆರೆದ ಗಾಯಕ್ಕೆ ಸೋಂಕಾಗಿ ಒಳಗೇ ಹರಡ್ತಾ ಇದೆ. ಕೆಂಪು ಹರಡಿ, ಬಿಸಿಯಾಗಿ, ನೋವು ಹೆಚ್ಚಾಗಿ ಜ್ವರ ಬಂದ ಮೇಲೂ ಕಾಯ್ತಾರಾ? ಯಾವುದರಿಂದ ಕೆರೆದ್ರಿ?"

ದಾದಾಸಾಬರು ಕೀಲಿ ತೋರಿಸಿದರು. ಡಾಕ್ಟರಮ್ಮ ಅದನ್ನು ಮುಟ್ಟಲಿಲ್ಲ.

ಎರಡು ದಿನ ಆಸ್ಪತ್ರೆಯಲ್ಲಿ ಮಲಗಿ ಲೆಕ್ಕವಿಲ್ಲದಷ್ಟು ಸೂಜಿ ಚುಚ್ಚಿಸಿಕೊಂಡ ಮೇಲೆ ಕೆಂಪು ಇಳಿಯತೊಡಗಿತು. ಭಾನುವಾರ ಕೆಲವು ಗಂಟೆ ಹೋಗಿ ಬರಲು ಅಪ್ಪಣೆ ಸಿಕ್ಕಿತು. ಆದರೆ ಕಾಲು ನೆಲಕ್ಕೆ ಇಳಿಸಕೂಡದು, ದಿಂಬಿನ ಮೇಲೆ ಎತ್ತರಕ್ಕೆ ಇರಬೇಕು. ಅಷ್ಟುದ್ದ ಕಾಲು ಚಾಚಲು ಯಾವ ಕಾರಿನಲ್ಲಿ ಜಾಗವಿದೆ? ಹಾಗಾಗಿ ತಾರಿಕ್ ಟೆಂಪೋ ಓಡಿಸಿದ, ಬದ್ರುನ್ನಿಸಾ ಮತ್ತು ಶಾಯಿಸ್ತಾ ಮುಂದೆ ಕೂತರು. ಮೂವತ್ತು ವರ್ಷ ಲೋಡು ಸಾಗಿಸಿದ ದಾದಾಸಾಬರು ಹಿಂದೆ ತಾಡಪಾಲಿನ ಕೆಳಗೆ, ಸೇಬು ಮತ್ತು ಜಿಲೇಬಿ ತಟ್ಟೆಗಳ ನಡುವೆ, ಹಾಸಿಗೆಯ ಮೇಲೆ ಲೋಡಾಗಿ ಮಲಗಿದರು.

ಹೊರಡುವ ಮೊದಲು ಬದ್ರುನ್ನಿಸಾ ಪಕ್ಕದ ಹಲಗೆಗೆ ಕೆಂಪು ಗೆರೆ ಎಳೆದಿದ್ದರು. "ಕಾಲು ಇದರ ಕೆಳಗೆ ಬರಬಾರ್ದು. ಹಿಂದಿನ ಹಲಗೆ ಇಳಿಸಿ ನೋಡುವಾಗ ಗೊತ್ತಾಗ್ತದೆ."

ಮಂಚಿಕೇರಿ ದಾಟುವಷ್ಟರಲ್ಲಿ ಕಾಲು ಜೋಮು ಹಿಡಿಯಿತು. ದಾದಾಸಾಬರು ಸುತ್ತ ನೋಡಿದರು. ಸೇಬುಗಳ ಹೊರತು ಸಾಕ್ಷಿ ಇರಲಿಲ್ಲ. ಹೊಸ ಕರ್ಚೀಫು ತೆಗೆದು, ಉಗುಳು ಹಚ್ಚಿ ಗೆರೆ ಒರೆಸಿದರು. ಹೋಗಲಿಲ್ಲ. ಬೆವರು ಬರುವಂತೆ ಉಜ್ಜಿದರು. ಬೆವರು ಬಂತು, ಅದನ್ನು ಅದೇ ಕರ್ಚೀಫಿನಿಂದ ಒರೆಸಿಕೊಂಡರು. ಗೆರೆ ಅಲ್ಲೇ ಇತ್ತು. ಈ ಸಲ ಬದ್ರುನ್ನಿಸಾ ಎಳೆದದ್ದು ಸೀಮೆಸುಣ್ಣದಲ್ಲಲ್ಲ, ಪೇಂಟಿನಲ್ಲಿ. ಅದಿನ್ನೂ ಪೂರ್ತಿ ಒಣಗಿರಲಿಲ್ಲ.

ಯಲ್ಲಾಪುರದಲ್ಲಿ ಹಿಂದಿನ ಹಲಗೆ ಇಳಿಯಿತು. ಹಾರ ಹಿಡಿದು ನಿಂತಿದ್ದ ಆರಿಫ್ ಸಾಹೇಬರು ಗಾಬರಿಯಾದರು.

"ಭಾಯಿಸಾಬ್, ಕಾಲಿಗೆ ಅಂದಿದ್ರಿ! ಹಣೆ ಎಲ್ಲ ಕೆಂಪಾಗಿದೆಯಲ್ಲ?"

ದಾದಾಸಾಬರ ಬಾಯಿಂದ ಅಭ್ಯಾಸಬಲದಿಂದ ಮಾತು ಹೊರಟೇಬಿಟ್ಟಿತು. "ಎಂತ ಇಲ್ಲ, ಇರುವೆ ಕಚ್ತು."

ಬದ್ರುನ್ನಿಸಾ ಹಲಗೆ ನೋಡಿದರು, ಕರ್ಚೀಫು ನೋಡಿದರು, ಗಂಡನ ಹಣೆ ನೋಡಿದರು. "ಶಾಯಿಸ್ತಾ, ಪೆನ್ನು ತಾ," ಎಂದರು.

ಶಾಯಿಸ್ತಾಳ ಪೆನ್ನು ಮನೆಯಲ್ಲಿ ಉಳಿದಿತ್ತು. ಆಗ ಬಾಗಿಲ ಮರೆಯಿಂದ ಬಳೆ ಸದ್ದು ಮಾಡುತ್ತಾ ಒಂದು ಕೈ ಪೆನ್ನನ್ನು ಮುಂದೆ ಚಾಚಿತು. ಅದು ಸೊಸೆಯಾಗುವ ಐಮನ್‌ಳ ಕೈ. ನಿಶ್ಚಿತಾರ್ಥದ ಫೋಟೋಗಳಲ್ಲೆಲ್ಲ ವರನ ತಂದೆ ಕಾಲು ಮೇಲೆ ಮಾಡಿ ಮಲಗಿದ್ದಾರೆ, ಹಣೆಯ ಕೆಂಪಿನ ಸುತ್ತ ದುಂಡಗೆ ಒಂದು ನೀಲಿ ಗೆರೆ ಇದೆ.