ಪರಮಾನಂದನಿಗೆ ನೂರು ಓಟು

ಪರಮಾನಂದನ ಮಾತು ಕೇಳಿ ತಲೆಯಾಡಿಸುತ್ತಿದ್ದುದು ಮನೆಯ ಟೇಬಲ್ ಫ್ಯಾನ್ ಒಂದೇ. ಅದೂ ಅಡ್ಡಡ್ಡ.

ಊರಿನ ಮತದಾರರ ಪಟ್ಟಿಯಿಂದ, ಬೆಂಗಳೂರಿಗೆ ಹೋದವನೆಂದು ಅವನ ಹೆಸರು ಹೊಡೆದು ಹಾಕಿದ್ದರು. ಇಲ್ಲಿ ರಾಜಗೋಪಾಲನಗರದಲ್ಲಿ, ಊರ ಕಡೆಯವನೆಂದು ಇನ್ನೂ ಸೇರಿಸಿರಲಿಲ್ಲ. ಮನೆಯಲ್ಲಿ ಹೆಂಡತಿ ಮಹಾನಂದಾ ಇರುವವರೆಗೆ ಮತದಾನದ ಪ್ರಶ್ನೆಯೇ ಏಳುತ್ತಿರಲಿಲ್ಲ. ಹೀಗಿರುವಾಗ, ಮದ್ಯದ ಕಂಪನಿಯೊಂದಕ್ಕೆ ಎರಡು ಬಗೆಯ ಷೇರುಗಳಿವೆ, ಒಂದನ್ನು ಕೊಂಡರೆ ಕಂಪನಿಯ ಸಭೆಯಲ್ಲಿ ಓಟು ಹಾಕಬಹುದು ಎಂದು ಓದಿ ಅವನ ಎದೆ ಡವಗುಟ್ಟಿತು.

ಬೋನಸ್ಸಿನ ಮೂವತ್ತು ಸಾವಿರ ಕೈಯಲ್ಲಿತ್ತು. ಓಟಿರುವ ಷೇರಿಗೆ ಮುನ್ನೂರು, ಓಟಿಲ್ಲದ್ದಕ್ಕೆ ಇನ್ನೂರು. ಡಿವಿಡೆಂಡ್ ಮಾತ್ರ ಎರಡಕ್ಕೂ ವರ್ಷಕ್ಕೆ ಹತ್ತೇ ರೂಪಾಯಿ. ಇದ್ದ ದುಡ್ಡಿಗೆ ಓಟಿರುವುದು ನೂರು ಬರುತ್ತಿತ್ತು, ಇಲ್ಲದ್ದು ನೂರೈವತ್ತು; ಅಂದರೆ ಓಟು ಬೇಕೆಂದರೆ ವರ್ಷಕ್ಕೆ ಐನೂರು ಖೋತಾ. ಐನೂರು ಬಿಟ್ಟು ಬಾಯಿ ತೆರೆಯುವುದೋ, ಐನೂರು ಪಡೆದು ಬಾಯಿ ಮುಚ್ಚಿಕೊಂಡಿರುವುದೋ? ಎರಡನೆಯ ಕೆಲಸವನ್ನು ಅವನು ಮದುವೆಯಾದಾಗಿನಿಂದ ಬಿಟ್ಟಿಯಾಗಿಯೇ ಮಾಡಿಕೊಂಡು ಬಂದಿದ್ದ.

ಷೇರಿನ ಖಾತೆಯನ್ನು ಹಿಂದಿನ ವಾರವೇ, ಮನೆ ಓನರ್ ವಸಂತಮ್ಮ ಹೇಳಿಕೊಟ್ಟ ಶಾಸ್ತ್ರದ ಪ್ರಕಾರ ತೆರೆದಾಗಿತ್ತು. "ಮೊದ್ಲು ಎಣ್ಮಕ್ಕಳ ಕೈಲಿ ಮಾಡುಸ್ಬೇಕಪ್ಪ, ಲಕ್ಷ್ಮಿ ನಿಲ್ತಾಳೆ. ಈ ಮೂರಂತಸ್ತೂ ನನ್ನೆಸ್ರಲ್ಲೇ ಐತೆ, ಎಂಗೆ ನಿಂತೈತೆ ನೋಡು" ಎಂದು ಆಕೆ ಅವನ ಮೊಬೈಲಿಗೂ ಕುಂಕುಮ ಹಚ್ಚಿಸಿದ್ದರು. ಅದು ಮೈಕಿನ ತೂತಿಗೆ ಇಳಿದು, ಅಂದಿನಿಂದ ಪರಮಾನಂದ ಫೋನಿನಲ್ಲಿ ಮಾತಾಡಿದರೆ ನೆಗಡಿ ಬಂದ ಕೋಣದಂತೆ ಕೇಳಿಸುತ್ತಿತ್ತು.

ಷೇರು ಕೊಳ್ಳಬೇಕೆಂದಿದ್ದ ದಿನ ಬೆಳಿಗ್ಗೆ, ತಾನು ಕೆಲಸ ಮಾಡುವ ಪೀಣ್ಯದ ಕಾರ್ಖಾನೆಯ ಗೇಟಿನ ಬಳಿ ಚಹಾ ಕುಡಿಯುತ್ತ, ಲೇತ್ ಮಷೀನಿನ ಮಲ್ಲಿಕ್‌ನನ್ನು ಕೇಳಿದ್ದೇ ತಪ್ಪಾಯಿತು.

"ಮಲ್ಲಿಕ್, ಎಣ್ಣಿ ಕಂಪನಿ ಷೇರ್ ತಗೊಳ್ಳಾಕತ್ತೀನಿ. ಓಟ್ ಇರೂದು ಚಲೋನೋ, ಇಲ್ಲದ್ದು ಚಲೋನೋ?"

"ಓಟ್ ಯಾಕ್ ಗುರು? ಅಲ್ಲಿ ಸಾವ್ಕಾರ್‌ಗಳು ಕೋಟಿಗಟ್ಲೆ ಇಟ್ಕೊಂಡಿರ್ತಾರೆ. ನಿನ್ ನೂರು ಓಟು ಅಂದ್ರೆ ಲಾರಿ ಹಾರ್ನ್ ಮುಂದೆ ಪೀಪಿ ಊದ್ದಂಗೆ. ಇಲ್ಲದ್ದೇ ತಗೋ, ದುಡ್ಡಾದ್ರೂ ಜಾಸ್ತಿ ಬರುತ್ತೆ."

ಪರಮಾನಂದನಿಗೂ ಅದೇ ಸರಿಯೆನಿಸಿತು. ಆದರೆ ಸುದ್ದಿ ಸುಮ್ಮನಿರಲಿಲ್ಲ. ಹತ್ತು ಗಂಟೆಗೆ ಅವನು ಎಣ್ಣೆ ಕಂಪನಿಯ ಪಾಲುದಾರನಾಗಿದ್ದ, ಹನ್ನೊಂದಕ್ಕೆ ಮಾಲೀಕ.

ಹನ್ನೊಂದೂಕಾಲಿಗೆ ಸೂಪರ್‌ವೈಸರ್ ನಂದೀಶ್ ಕರೆಸಿದರು.

"ಒಂದ್ಸಲ ಊದ್ರೀ."

"ಸರ, ನಾ ಕುಡಿಯಂಗಿಲ್ರಿ!"

"ಊದ್ರೀ ಅಂದೆ."

ಊದಿದ. ಬೆಳಗಿನ ಬೆಳ್ಳುಳ್ಳಿ ಚಟ್ನಿಯ ಹೊಡೆತಕ್ಕೆ ನಂದೀಶ್ ಎರಡು ಹೆಜ್ಜೆ ಹಿಂದೆ ಸರಿದರು. "ಕುಡ್ದಿದ್ರೇ ವಾಸಿ ಇತ್ತು ಮಾರಾಯ!" ಆಮೇಲೆ ಆಚೀಚೆ ನೋಡಿ ದನಿ ತಗ್ಗಿಸಿದರು: "ನಿಮ್ ಕಂಪನಿ ಕ್ವಾರ್ಟರ್‌ ಬಾಟ್ಲಿದು ಮುಚ್ಚಳ ತೆಗೆಯೋಕೇ ಆಗಲ್ಲ ಕಣ್ರೀ. ಹಲ್ಲು ಅಲ್ಲಾಡ್ತಿದೆ. ಮೀಟಿಂಗಲ್ಲಿ ಒಂದ್ ಮಾತು ಹೇಳಿ."

ಸೂಪರ್‌ವೈಸರ್ ತನ್ನ ಮುಂದೆ ಬೇಡಿಕೆ ಇಟ್ಟಿದ್ದಾರೆ! ಪರಮಾನಂದನ ಕತ್ತು ಅರ್ಧ ಇಂಚು ಉದ್ದವಾಯಿತು.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಜನತಾ ದರ್ಶನವೇ ನಡೆಯಿತು. ಅಡುಗೆಯ ರಾಮಕ್ಕ ಎರಡು ಹಪ್ಪಳ ಹೆಚ್ಚಿಗೆ ಹಾಕಿ, "ಅಣ್ಣೋ, ನಮ್ಮೆಜಮಾನ ಕುಡ್ದು ಮಲಗ್ಲಿ, ಬ್ಯಾಡ ಅನ್ನಲ್ಲ. ಪದ ಏಳಕ್ ಸುರು ಮಾಡ್ತಾನೆ. ಪದ ಬಾಯ್ಗೇ ಬರ್ದಿರೋ ಅಂಗೆ ಏನಾರ ಬೆರೆಸಕ್ಕಾಯ್ತದಾ ಕೇಳು" ಎಂದಳು. ಮಲ್ಲಿಕ್ ಎಲ್ಲರ ಅಹವಾಲನ್ನೂ ಒಂದು ಹಾಳೆಯಲ್ಲಿ ಬರೆದ. ಒಟ್ಟು ಹನ್ನೆರಡು.

ಪರಮಾನಂದ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟು, ಮೋಡ ನೋಡುವವನಂತೆ ಮುಖ ಎತ್ತಿ ಹೇಳಿದ: "ನೋಡೋಣು. ನಾಳೆ ಬರ್ರಿ."

ಇಷ್ಟಾದ ಮೇಲೆ ಓಟಿಲ್ಲದ ಷೇರು ಕೊಳ್ಳುವುದು ಹೇಗೆ? ಐನೂರು ಹಾಳಾಗಿ ಹೋಗಲಿ!

ಮಾರುಕಟ್ಟೆ ಮುಚ್ಚುವುದು ಮೂರೂವರೆಗೆ. ಕೆಲಸದ ಹೊತ್ತಿನಲ್ಲಿ ಕಾರ್ಖಾನೆಯವರು ಪೆಟ್ಟಿಗೆಯಲ್ಲಿ ಬೀಗ ಹಾಕಿಡುವ ಮೊಬೈಲು ಕೈಗೆ ಬಂದಿದ್ದು ಟೀ ಬ್ರೇಕಿನಲ್ಲಿ, ಮೂರೂಕಾಲಿಗೆ. ಗುಂಡಿ ಒತ್ತಿದರೆ ಓಟಿಪಿ ಹೋಗಿದ್ದು ಮಹಾನಂದಾಳ ಫೋನಿಗೆ. ತಕ್ಷಣ ಅವಳಿಗೆ ಫೋನ್ ಮಾಡಿದ.

"ಒಂದು ನಂಬರ್ ಬಂದೈತಿ, ಲಗೂ ಹೇಳ!"

"ಯಾರಿಗೂ ಹೇಳಬ್ಯಾಡ್ರಿ ಅಂತ ಇದರಾಗ ಬರದೈತಿ. ಯಾರ್ರೀ ನೀವು?"

"ನಿನ್ನ ಗಂಡ ಅದೀನಿ!"

"ಫೋನ್ ಕದ್ದ ಕಳ್ಳರೂ ಹಂಗ ಅಂತಾರ. ನಮ್ಮ ಮನಿಯವರ ದನಿ ಹಿಂಗಿಲ್ಲ. ನಮ್ಮವ್ವನ ಹೆಸರೇನ ಹೇಳ್ರಿ?"

"ರುಕ್ಮವ್ವ!"

"ಅತ್ತೀ ಹೆಸರು ಹಿಡದ ಕೂಗ್ತೀರಿ? ನಾಚಿಗಿ ಬರೂದಿಲ್ಲೇನ?"

ಬೈಗುಳ ಮುಗಿದು ನಂಬರು ಸಿಕ್ಕಾಗ ಮೂರು ಇಪ್ಪತ್ತೊಂಬತ್ತು. ಓಟಿರುವ ನೂರು ಷೇರು ಬಂದವು.

ಸಂಜೆ ಪರಮಾನಂದ ಬಸ್ಸಿನಿಂದ ಇಳಿದು, ಕಾಣದ ಹಾರವೊಂದನ್ನು ಹೊತ್ತವನಂತೆ ನಡೆದು ಬಂದ. ಮೆಟ್ಟಿಲ ಮೇಲೆ ಮಹಾನಂದಾ, ವಸಂತಮ್ಮ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದರು.

"ಬರ್ರಿ, ನನಗ ಏನೋ ಬಂದೈತಿ" ಎಂದು ಮಹಾನಂದಾ ಮೊಬೈಲ್ ಹಿಡಿದು ಓದಿದಳು: "'ಪ್ರಿಯ ಮಹಾನಂದಾ ಅವರೇ, ತಮ್ಮ ಖಾತೆಗೆ ಮದ್ಯ ಕಂಪನಿಯ ಮತದ ಹಕ್ಕಿರುವ ನೂರು ಷೇರುಗಳು...' ಹಂಗಂದ್ರೇನ್ರಿ?"

ಪರಮಾನಂದನ ಹಾರ ಅಲ್ಲೇ ಬಾಡಿತು. ಶಾಸ್ತ್ರ ಮಾಡುವ ಭರದಲ್ಲಿ ಖಾತೆಗೆ ಬರೆಸಿದ್ದು ಯಾರ ಹೆಸರು ಎಂಬುದು ಅವನಿಗೆ ಈಗ ನೆನಪಾಯಿತು.

"ಅಂದ್ರೆ ಓಟು ನಿಂದೇ ಕಣವ್ವ" ಎಂದರು ವಸಂತಮ್ಮ. "ನಾನೇಳ್ಲಿಲ್ವಾ, ಲಕ್ಷ್ಮಿ ನಿಲ್ತಾಳೆ ಅಂತ? ನಿಂತ್ಲು, ಎಲೆಕ್ಸನ್‌ಗೇ ನಿಂತ್ಲು!"

"ಅದು ಎಣ್ಣಿ ಕಂಪನಿ ಏನ್ರಿ? ನೂರೂ ಓಟು ನನಗ?" ಮಹಾನಂದಾ ಸಿಪ್ಪೆ ಕೊಡವಿ ಎದ್ದಳು. "ಚಲೋ ಆತು. ಮೊದಲನೇ ಮೀಟಿಂಗಿನ್ಯಾಗ ಅದನ್ನ ಮುಚ್ಚಾಕ ಓಟ್ ಹಾಕ್ತೀನಿ."

"ಡಿವಿಡೆಂಡ್...?"

"ಬಂದ್ರ ನನ್ನ ಖಾತೆಗೆ ಬರ್ತೈತೆಲ್ರಿ."

ಪರಮಾನಂದ ಜೇಬಿನಿಂದ ಹಾಳೆ ತೆಗೆದ. ಹನ್ನೆರಡು ಅಹವಾಲುಗಳ ಕೆಳಗೆ ಹದಿಮೂರನೆಯದನ್ನು ಬರೆದ: "ಕಂಪನಿ ಮುಚ್ಚುವ ಮೊದಲು ಅರ್ಜಿದಾರನ ಚಹಾ ಖರ್ಚಿಗೆ ಏನಾದರೂ ದಯಪಾಲಿಸಬೇಕು." ಸಹಿ ಹಾಕಿ, ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಮುಂದೆ ಚಾಚಿದ.

ಮಹಾನಂದಾ ಹಾಳೆಯನ್ನು ಓದದೆಯೇ ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುಖ ಎತ್ತಿ ಮೋಡ ನೋಡಿದಳು.

"ನೋಡೋಣು. ನಾಳೆ ಬರ್ರಿ."