ಏಳನೇ ನಂಬರಿನ ಇಲಿ

ನನ್ನ ಮೊಮ್ಮಗಳಿಗೆ ನಡೆಯಲು ಬರುವುದಿಲ್ಲ. ಗಾಬರಿಯಾಗಬೇಡಿ, ಕಾಲು ಎರಡೂ ಗಟ್ಟಿಯಾಗಿವೆ! ಅವು ನೆಲಕ್ಕೆ ತಾಗುವುದು ಮಾತ್ರ ಅಪರೂಪ. ಪಕ್ಕದ ಮನೆಯಿಂದ ನಾಲ್ಕು ಎಲೆ ಕರಿಬೇವು ತರುವುದಕ್ಕೂ ಸೈಕಲ್ ಬೇಕು. ಸೈಕಲ್ ಎಂದೆನೇ? ಅದಕ್ಕೆ ಬೆಲ್ ಇಲ್ಲ, ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಇಷ್ಟೆಲ್ಲ ಬಿಚ್ಚಿದ ಮೇಲೆ ಉಳಿದದ್ದೆಂತ ಮಗಾ ಎಂದು ಕೇಳಿದರೆ, "ಸ್ಪೀಡು, ಅಜ್ಜ" ಎನ್ನುತ್ತಾಳೆ. ಅದು ಮಲಗುವುದೂ ಅವಳ ಕೋಣೆಯಲ್ಲೇ. ಜಗಲಿಯಲ್ಲಿಟ್ಟರೆ ಅದಕ್ಕೆ ಶೀತವಾಗುತ್ತದಂತೆ!

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಸೈಕಲ್ ವಿಷಯದಲ್ಲಿ ನನ್ನನ್ನು ಯಾರೂ ದಡ್ಡ ಎನ್ನುವಂತಿಲ್ಲ. ಹೊಸನಗರದಲ್ಲಿ ನನ್ನದು ಬಾಡಿಗೆ ಸೈಕಲ್ ಅಂಗಡಿಯಿತ್ತು. ಹತ್ತು ಸೈಕಲ್, ಪ್ರತಿಯೊಂದಕ್ಕೂ ಒಂದು ನಂಬರ್. ಇದ್ದದ್ದು ಒಂದೇ ಕಾನೂನು: ಹೆಣ್ಣುಮಕ್ಕಳಿಗೆ ಕೊಡುವುದಿಲ್ಲ. ಬಿದ್ದು ಕೈ ಮುರಿದುಕೊಂಡರೆ ನಾಳೆ ಮದುವೆಯಾಗುವುದು ಹೇಗೆ ಎಂಬ ದೊಡ್ಡ ಚಿಂತೆ ನನಗೆ! ಗಂಡುಹುಡುಗರು ಮುರಿದುಕೊಂಡ ಕೈಗಳ ಬಗ್ಗೆ ಯಾಕೋ ಚಿಂತೆಯಾಗುತ್ತಿರಲಿಲ್ಲ.

ನನ್ನ ಮಗಳು, ಎಂದರೆ ಈ ಮೊಮ್ಮಗಳ ತಾಯಿ, ಆಗ ಸಣ್ಣವಳು. ಮಧ್ಯಾಹ್ನ ಅಂಗಡಿಗೆ ಬುತ್ತಿ ತರುತ್ತಿದ್ದಳು. ಒಮ್ಮೆ ಸೈಕಲ್ ಕೇಳಿದಳು, ಗದರಿಸಿದೆ. ಮತ್ತೆ ಕೇಳಲಿಲ್ಲ. ಆಸೆ ಅಲ್ಲಿಗೆ ತೀರಿತು ಎಂದುಕೊಂಡು, ಉಂಡು, ಒಳಗಿನ ಬೆಂಚಿನ ಮೇಲೆ ಗೊರಕೆ ಹೊಡೆದೆ. ದಿನವೂ ಹೊಡೆದೆ. ಏಳನೇ ನಂಬರ್ ಸೈಕಲಿನ ಚೈನಿನಲ್ಲಿ ಆಗಾಗ ಬಣ್ಣದ ನೂಲು ಸಿಕ್ಕಿಕೊಂಡಿರುತ್ತಿತ್ತು. ಇಲಿ ಎಲ್ಲಿಂದಲೋ ಬಟ್ಟೆ ಎಳೆದು ತರುತ್ತಿದೆ ಎಂದು ಬೋನು ಇಟ್ಟೆ. ಒಂದು ಇಲಿಯೂ ಬೀಳಲಿಲ್ಲ!

ಮೊಮ್ಮಗಳ ಕಾಲಕ್ಕೆ ನಾನು ಸ್ವಲ್ಪ ಮೆತ್ತಗಾಗಿದ್ದೆ. ಅವಳಿಗೆ ಆರು ವರ್ಷವಾದಾಗ ನಾನೇ ಸೀಟು ಹಿಡಿದು ಒಂದು ಸುತ್ತು ಓಡಿದೆ. ಮರುದಿನ ಒಬ್ಬಳೇ ಬಿಟ್ಟಳು. ಒಂದೇ ದಿನದಲ್ಲಿ ಕಲಿಸಿದ ಗುರು ನಾನು ಎಂದು ಸಾಗರದ ನೆಂಟರ ಮನೆಯವರೆಗೂ ಹೇಳಿಕೊಂಡು ಬಂದೆ.

ಈ ವರ್ಷ ನಮ್ಮಲ್ಲಿ ಸೈಕಲ್ ರೇಸ್ ಆಯಿತು. ಎಲ್ಲರೂ ಹೊಸನಗರದಿಂದ ಒಟ್ಟಿಗೇ ಹೊರಡುವುದು. ಗಂಡಸರು ಹುಲಿಕಲ್ ಮುಟ್ಟಬೇಕು, ಹೆಂಗಸರಿಗೆ ಮಾಸ್ತಿಕಟ್ಟೆಯೇ ಸಾಕು. ಮುಂದೆ ಬರೀ ಕಾಡು, ಹೆಣ್ಣುಮಕ್ಕಳಿಗೆ ಕಷ್ಟ ಎಂದರು ರೇಸ್ ನಡೆಸುವ ಮುಖಂಡರು. ಇವಳು ಬಿಡುತ್ತಾಳೆಯೇ?

"ಗಂಡಸರು ಹೋಗುವಾಗ ಕಾಡು ಆಚೆ ಸರಿಯುತ್ತಾ ಸರ್?"

ಅವರು ಮಾತು ತಿರುಗಿಸಿ ಬಹುಮಾನಕ್ಕೆ ಬಂದರು. ಗಂಡಸರಿಗೆ ಗೇರ್ ಸೈಕಲ್, ಹೆಂಗಸರಿಗೆ ಮಿಕ್ಸಿ.

"ಮಿಕ್ಸಿಗೆ ಎಷ್ಟು ಗೇರು?"

ಪಾಪ, ಅವರು ಡಬ್ಬ ತಿರುಗಿಸಿ ನೋಡಿ, "ಮೂರಿದೆ ಕಣಮ್ಮ" ಎಂದರು!

ಕೊನೆಗೆ, ಮಾಸ್ತಿಕಟ್ಟೆ ದಾಟಿ ಹೋದ ಹುಡುಗಿಗೆ ಬಹುಮಾನವೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಮೊಮ್ಮಗಳು "ಆಯ್ತು ಸರ್" ಎಂದು ಹೆಸರು ಬರೆಸಿದಳು. ಅವಳು ಇಷ್ಟು ಬೇಗ ಒಪ್ಪಿದರೆ ನನಗೆ ಹೆದರಿಕೆ. ಮನೆಗೆ ಬಂದು ಒಂದೇ ಮಾತು: "ಹುಲಿಕಲ್ ಮುಟ್ಟದೆ ನಾನು ಇಳಿಯೋದಿಲ್ಲ ಅಜ್ಜ."

ರೇಸಿನ ದಿನ ನಾನೂ ಮಗಳೂ ನೀರಿನ ಬಾಟಲಿ ಹಿಡಿದು ಮಾಸ್ತಿಕಟ್ಟೆಯಲ್ಲಿ ಕಾದೆವು. ಬಂದಳು ನೋಡಿ, ಹುಡುಗಿಯರಲ್ಲಿ ಎಲ್ಲರಿಗಿಂತ ಮುಂದೆ! ರಿಬ್ಬನ್ ಎದೆಗೆ ತಾಗಿ ಕಡಿಯಿತು, ಚಪ್ಪಾಳೆ ಬಿತ್ತು. ನಿಂತರೆ ತಾನೆ? ರಿಬ್ಬನ್ ತುಂಡನ್ನು ಹೆಗಲ ಮೇಲೆ ಹಾರಿಸುತ್ತ ಹುಲಿಕಲ್ ರಸ್ತೆ ಹಿಡಿದೇಬಿಟ್ಟಳು. ಮುಖಂಡರು ಸೀಟಿ ಊದಿ ಊದಿ ಕೆಂಪಾದರು.

ಎರಡನೆಯವಳಾಗಿ ಬಂದವಳು ತೀರ್ಥಹಳ್ಳಿ ಕಡೆಯ ಹುಡುಗಿ. ಶಾಲೆಯಲ್ಲಿ ಕೊಟ್ಟ ಸಾದಾ ಲೇಡೀಸ್ ಸೈಕಲಿನಲ್ಲೇ ಅಷ್ಟು ದೂರ ತುಳಿದಿದ್ದಳು. ಅವಳು ಇಳಿಯುವುದೇ ತಡ, ನನ್ನ ಮಗಳು ಹತ್ತಿರ ಹೋಗಿ, ನೀರು ಕೊಟ್ಟು ಬರುತ್ತೇನೆ, ಒಂದು ಗಳಿಗೆ ಸೈಕಲ್ ಕೊಡು ಎಂದು ಕೇಳಿದಳು. ಸೆರಗು ಸಿಕ್ಕಿಸಿ, ಬಾಟಲಿಯನ್ನು ಬುಟ್ಟಿಗೆ ಹಾಕಿ, ಎರಡು ಹೆಜ್ಜೆ ಓಡಿ ಹತ್ತಿದಳು. ನಲವತ್ತೈದು ದಾಟಿದ, ಸೈಕಲ್ ಮುಟ್ಟದ ನನ್ನ ಮಗಳು! ತಿರುವಿನಲ್ಲಿ ಮರೆಯಾಗುವವರೆಗೂ ಹ್ಯಾಂಡಲ್ ಒಂದು ಸಲವೂ ಅಲುಗಲಿಲ್ಲ.

ಬಾಯಿ ಬಿಟ್ಟುಕೊಂಡು ನಿಂತವನು ಅದನ್ನು ಮುಚ್ಚುವಷ್ಟರಲ್ಲಿ ಮುಖಂಡರಿಗೆ ಫೋನ್ ಬಂತು. ಒಬ್ಬಳು ಹುಡುಗಿ ಹುಲಿಕಲ್ ಮುಟ್ಟಿದ್ದಾಳೆ, ಅರ್ಧ ಗಂಡಸರು ಇನ್ನೂ ಹಿಂದಿದ್ದಾರೆ, ಏನು ಮಾಡೋಣ ಎಂದು. ನಾನು ಅಲ್ಲೇ ಕುಣಿದೆ. ಮಿಕ್ಸಿ ತೀರ್ಥಹಳ್ಳಿ ಹುಡುಗಿಗೆ ಹೋಯಿತು. ಸೈಕಲ್ ಕೊಟ್ಟ ಪುಣ್ಯ!

ಮಗಳು ವಾಪಸ್ ಬಂದಳು. ಬಾಟಲಿ ತುಂಬಿದಂತೆಯೇ ಇತ್ತು.

"ಸಿಕ್ಕಲಿಲ್ಲ ಅಪ್ಪಯ್ಯ. ಎಂಥ ಜೋರು ಹೋಗ್ತಾಳೆ."

"ನೀನು ಯಾವಾಗ ಕಲಿತೆ?"

ದನಿ ತಗ್ಗಿಸಿ ಹೇಳಿದಳು: "ನೀವು ಉಂಡು ಮಲಗ್ತಿದ್ರಲ್ಲ, ಆವಾಗ."

ಏಳನೇ ನಂಬರ್. ಚೈನಿಗೆ ಸಿಕ್ಕಿದ ಲಂಗದ ನೂಲು. ಮೊಮ್ಮಗಳಿಗೆ ಕಲಿಸಿದ ಗುರು ಯಾರೆಂದು ನಾನು ಬೇರೆ ಕೇಳಬೇಕಾಗಲಿಲ್ಲ.

ಬಾಡಿಗೆ ಮುಗಿಸಿ ತಂದವಳ ಹಾಗೆ ಸೈಕಲನ್ನು ನನ್ನೆದುರು ನಿಲ್ಲಿಸಿ, ಬೈಗುಳಕ್ಕೆ ಕಾಯುವಂತೆ ತಲೆ ತಗ್ಗಿಸಿದಳು. ಸೈಕಲಿನ ಒಡತಿಯ ಕಡೆ ನೋಡಿದೆ. ಆ ಹುಡುಗಿ ನಕ್ಕು ತಲೆಯಾಡಿಸಿದಳು. ನಾನು ಹಿಂದೆ ಹೋಗಿ ಸೀಟು ಹಿಡಿದುಕೊಂಡೆ.

"ಹತ್ತು ಮಗಾ. ಹುಲಿಕಲ್ ತನಕ ಹೋಗಿ ಬಾ."